ಮರಿಗಳ ಬೆಲೆ ಇಳಿದಿದೆ, ಬೀದಿಗೆ ಬಿದ್ದ ಜಾತಿ ನಾಯಿಗಳು ಹೆಚ್ಚಿವೆ: ಕೊರೊನಾ ನಂತರದ ಬೆಂಗಳೂರಿನ ಲೆಕ್ಕ

ಜಯನಗರದ ನಿವಾಸಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಲ್ಯಾಬ್ರಡಾರ್, ಬೀಗಲ್, ಶಿಟ್ಝು ಮರಿಗಳು ಕೊರೊನಾ ಕಾಲಕ್ಕಿಂತ ಎಷ್ಟೋ ಅಗ್ಗವಾಗಿ ಸಿಗುತ್ತಿವೆ ಎಂದು ಕೆಲವರು ಇಲ್ಲಿ ಖುಷಿಯಿಂದ ಬರೆಯುತ್ತಿದ್ದಾರೆ. ಕೊರಳಪಟ್ಟಿಯ ಸಮೇತ ರಸ್ತೆಬದಿಯಲ್ಲಿ ಸಿಕ್ಕ ನಾಯಿಯ ಚಿತ್ರ ಹಾಕಿ, ಯಾರಾದರೂ ಸಾಕಿಕೊಳ್ಳುವಿರಾ ಎಂದು ಕೇಳುವವರೂ ಇಲ್ಲಿಯೇ ಇದ್ದಾರೆ. ಈ ಎರಡು ಸುದ್ದಿಗಳನ್ನು ನಾವು ಬೇರೆ ಬೇರೆಯಾಗಿ ಓದುತ್ತಿದ್ದೇವೆ. ಎರಡರ ಬೇರೂ ಒಂದೇ ಎಂದು ನನಗೆ ತೋರುತ್ತದೆ. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ತಾಳ್ಮೆಯಿಂದ ಓದಬೇಕು.

2020ರ ಮಾರ್ಚ್ 25ರಿಂದ ದೇಶವೆಲ್ಲ ಮನೆಯೊಳಗೆ ಕುಳಿತಾಗ ಮಕ್ಕಳಿಗೆ ಶಾಲೆಯಿರಲಿಲ್ಲ, ಐ.ಟಿ. ಉದ್ಯೋಗಿಗಳಿಗೆ ಕಚೇರಿಯಿರಲಿಲ್ಲ. ಹೊತ್ತು ಬೇಕಾದಷ್ಟಿತ್ತು. ಎಷ್ಟೋ ವರ್ಷಗಳಿಂದ ಮುಂದೂಡಿದ್ದ ನಾಯಿ ಸಾಕುವ ಆಸೆ ಸಾವಿರಾರು ಮನೆಗಳಲ್ಲಿ ಒಂದೇ ಕಾಲಕ್ಕೆ ಎದ್ದಿತು. ಅತ್ತ ಅಂತರರಾಜ್ಯ ಸಾಗಾಟ ನಿಂತು ಮರಿಗಳ ಪೂರೈಕೆ ಕುಗ್ಗಿತ್ತು. ಹೀಗಿರುವಾಗ ಬೆಲೆ ಏರದೆ ಇರುತ್ತದೆಯೇ?

ಇಳಿದದ್ದು ಹೇಗೆ ಎಂಬುದನ್ನು ಮಾತ್ರ ಬಿಡಿಸಿ ನೋಡಬೇಕು. ದುಬಾರಿ ಬೆಲೆ ಕೊಟ್ಟು ಹೆಣ್ಣು ಮರಿ ತಂದವರಲ್ಲಿ ಅನೇಕರಿಗೆ ಒಂದು ಸೂಲು ಈದರೆ ಹಾಕಿದ ಹಣ ಮರಳಿ ಬರುತ್ತದೆ ಎಂಬ ಎಣಿಕೆಯಿತ್ತು. ಕಾನೂನಿನ ಪ್ರಕಾರ ಹೆಣ್ಣು ನಾಯಿಗೆ 18 ತಿಂಗಳು ತುಂಬುವ ಮೊದಲು ಗಂಡಿನೊಡನೆ ಕೂಡಿಸುವಂತಿಲ್ಲ, ಗರ್ಭದ ಅವಧಿ ಸುಮಾರು 63 ದಿನ, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. 2020ರ ಏಪ್ರಿಲಿನಲ್ಲಿ ಹುಟ್ಟಿ ಜೂನಿನಲ್ಲಿ ಮನೆಗೆ ಬಂದ ಹೆಣ್ಣು ಮರಿಯ ಮೊದಲ ಸೂಲು ಈ ಲೆಕ್ಕದಲ್ಲಿ ಮಾರಾಟಕ್ಕೆ ಬರುವುದು 2022ರ ಫೆಬ್ರವರಿಯ ಹೊತ್ತಿಗೆ. ಮೂರನೆಯ ಅಲೆ ಇಳಿದು ಕಚೇರಿಗಳು ಜನರನ್ನು ಮರಳಿ ಕರೆಯತೊಡಗಿದ್ದೂ ಅದೇ ಹೊತ್ತಿನಲ್ಲಿ. ಮಾರುವವರು ಹೆಚ್ಚಿದಾಗಲೇ ಕೊಳ್ಳುವವರು ಕಡಿಮೆಯಾದರು. ಬೆಲೆ ಏರಿತೆಂದು ಎಲ್ಲರೂ ಒಟ್ಟಿಗೆ ಟೊಮೆಟೊ ನಾಟಿ ಮಾಡಿ, ಫಸಲು ಬರುವ ಹೊತ್ತಿಗೆ ಕೋಲಾರದ ರಸ್ತೆಬದಿಯಲ್ಲಿ ಸುರಿದು ಹೋಗುವುದನ್ನು ನಾವು ಎಷ್ಟು ಸಲ ಕಂಡಿಲ್ಲ! ಟೊಮೆಟೊ ನಾಲ್ಕು ದಿನಕ್ಕೆ ಕೊಳೆತು ಮಣ್ಣಾಗುತ್ತದೆ. ನಾಯಿ ಹನ್ನೆರಡು ವರ್ಷ ಬದುಕುತ್ತದೆ.

ಆದ್ದರಿಂದ ಬೀದಿಗೆ ಬಿದ್ದ ನಾಯಿಗಳೆಲ್ಲವೂ ಪ್ರೀತಿ ಬತ್ತಿದ ಮನೆಗಳಿಂದ ಬಂದವು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೆಲೆ ಇಳಿದ ಮೇಲೆ ಅನ್ನ ಹಾಕುವುದೂ ನಷ್ಟ ಎಂದು ಮಾರಾಟಗಾರರೇ ಹೊರಗೆ ಬಿಟ್ಟ ನಾಯಿಗಳು ಅವುಗಳಲ್ಲಿ ಎಷ್ಟಿವೆ? ಈ ಬಗ್ಗೆ ತಿಳಿದವರು ಬರೆಯಬೇಕೆಂದು ಕೋರುತ್ತೇನೆ.

ರಾಜಾಜಿನಗರ 3

ತಮ್ಮ ಲೆಕ್ಕ ಚೆನ್ನಾಗಿದೆ, ಆದರೆ ಮುಖ್ಯ ಕಾರಣ ಇನ್ನೂ ಸರಳವಾದುದು ಎನ್ನಿಸುತ್ತದೆ. ವಸ್ತು ಅಗ್ಗವಾದಾಗ ಯೋಚಿಸದೆ ಕೊಳ್ಳುವವರು ಹೆಚ್ಚುತ್ತಾರೆ, ಯೋಚಿಸದೆ ಕೊಂಡವರು ಯೋಚಿಸದೆ ಬಿಡುತ್ತಾರೆ. ಬೆಲೆ ಮತ್ತೆ ಏರಿದರೆ ಸಮಸ್ಯೆ ತಾನಾಗಿ ಕಡಿಮೆಯಾಗುತ್ತದೆ.

ಪಶುವೈದ್ಯೆ, ಮೈಸೂರು

ರಾಜಾಜಿನಗರದವರ ಮಾತನ್ನು ಪೂರ್ತಿಯಾಗಿ ಒಪ್ಪಲಾರೆ. ನಾನು ನೋಡಿದ ಹಾಗೆ, ದುಬಾರಿ ಬೆಲೆ ತೆತ್ತು ತಂದ ಹಸ್ಕಿ, ಸೇಂಟ್ ಬರ್ನಾರ್ಡ್‌ಗಳೂ ಬೀದಿಗೆ ಬಂದಿವೆ. ಕೊಳ್ಳುವಾಗ ಕೊಟ್ಟ ಹಣ ಒಂದು ವರ್ಷದಲ್ಲಿ ಮರೆತುಹೋಗುತ್ತದೆ. ಆಹಾರ, ಲಸಿಕೆ, ಚರ್ಮದ ಚಿಕಿತ್ಸೆ ಎಂದು ತಿಂಗಳು ತಿಂಗಳೂ ಆಗುವ ಖರ್ಚು ಮರೆಯಲು ಬಿಡುವುದಿಲ್ಲ.

ಜಯನಗರದವರ ಪ್ರಶ್ನೆಗೆ ಬರುತ್ತೇನೆ. ನಮ್ಮಲ್ಲಿಗೆ ರಕ್ಷಕರು ಹೊತ್ತು ತರುವ ನಾಯಿಗಳಲ್ಲಿ ಎರಡು ಬಗೆಗಳಿವೆ, ಪರೀಕ್ಷೆಯ ಮೇಜಿನ ಮೇಲೆ ನಿಲ್ಲಿಸಿದರೆ ಬಹುಮಟ್ಟಿಗೆ ವ್ಯತ್ಯಾಸ ತಿಳಿಯುತ್ತದೆ. ಮೊದಲನೆಯ ಬಗೆ ಮನೆಯಿಂದ ಬಂದದ್ದು. ಎಂಟು ತಿಂಗಳಿಂದ ಎರಡು ವರ್ಷದೊಳಗಿನ ವಯಸ್ಸು, ಹೆಚ್ಚಾಗಿ ಗಂಡು, ಮೈ ತುಂಬಿಕೊಂಡಿರುತ್ತದೆ, ಹೆಸರಿಟ್ಟು ಕರೆದಂತೆ ಏನು ಕೂಗಿದರೂ ಕಿವಿ ನಿಮಿರಿಸುತ್ತದೆ, ಕೂತುಕೋ ಎಂದರೆ ಕೂರುತ್ತದೆ. ಆ ವಯಸ್ಸಿನಲ್ಲಿ ನಾಯಿ ಚಪ್ಪಲಿ ಕಡಿಯುತ್ತದೆ, ಹಗ್ಗ ಎಳೆಯುತ್ತದೆ, ಕಂಡಲ್ಲಿ ಮೂತ್ರ ಹಾಯಿಸುತ್ತದೆ. ಮನೆಯವರ ತಾಳ್ಮೆ ತಪ್ಪುವುದು ಆಗಲೇ. ಕೊರೊನಾ ಕಾಲದ ಮರಿಗಳಿಗೆ ಇನ್ನೊಂದು ತೊಡಕು ಇತ್ತು. ಮೂರನೆಯ ವಾರದಿಂದ ಮೂರು ತಿಂಗಳು ಮುಗಿಯುವವರೆಗೆ ಮರಿಯು ಹೊಸ ಜನ, ಹೊಸ ಸದ್ದು, ಬೇರೆ ನಾಯಿಗಳನ್ನು ಕಂಡು ಅಂಜಿಕೆ ಬಿಡಬೇಕು. ಆ ಕಾಲವನ್ನು ಅವು ಮುಚ್ಚಿದ ಬಾಗಿಲ ಹಿಂದೆ ಕಳೆದವು. ಇಪ್ಪತ್ತನಾಲ್ಕು ಗಂಟೆಯೂ ಮನೆಯವರ ಜೊತೆಯಲ್ಲಿದ್ದು ಬೆಳೆದವನ್ನು ಒಂದು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂಟಿಯಾಗಿ ಬಿಟ್ಟು ಹೋದರೆ ಅವು ಬೊಗಳದೆ, ಬಾಗಿಲು ಕೆರೆಯದೆ ಇನ್ನೇನು ಮಾಡಿಯಾವು? ನೆರೆಯವರ ದೂರು ಬರುತ್ತದೆ. ಮುಂದಿನದು ನಿಮಗೆ ಗೊತ್ತು.

ಎರಡನೆಯ ಬಗೆಯ ನಾಯಿಗಳ ಬಗ್ಗೆ ಪತ್ರಿಕೆಗಳಲ್ಲಿ ಬರೆಯುವವರು ಕಡಿಮೆ. ಇವು ಹೆಚ್ಚಾಗಿ ನಾಲ್ಕು ವರ್ಷ ದಾಟಿದ ಹೆಣ್ಣು ನಾಯಿಗಳು. ಪದೇ ಪದೇ ಈದು ಮೊಲೆಗಳು ಜೋತುಬಿದ್ದಿರುತ್ತವೆ, ಉಗುರು ಬೆಳೆದು ಬಾಗಿರುತ್ತದೆ, ಸಿಮೆಂಟಿನ ಮೇಲೆಯೋ ಕಬ್ಬಿಣದ ಸರಳಿನ ಮೇಲೆಯೋ ಮಲಗಿ ಮಲಗಿ ಮೊಣಕೈಯ ರೋಮ ಉದುರಿ ಚರ್ಮ ಗಟ್ಟಿಕಟ್ಟಿರುತ್ತದೆ. ಹಲವಕ್ಕೆ ಗರ್ಭಕೋಶದಲ್ಲಿ ಕೀವು ತುಂಬಿರುತ್ತದೆ, ಕೆಲವಕ್ಕೆ ಕೂಡಿಸುವಾಗ ಒಂದರಿಂದ ಇನ್ನೊಂದಕ್ಕೆ ಹರಡುವ ಜನನಾಂಗದ ಗಡ್ಡೆ ಇರುತ್ತದೆ. ಹುಲ್ಲಿನ ಮೇಲೆ ಬಿಟ್ಟರೆ ಹೆಜ್ಜೆ ಇಡಲು ಹಿಂಜರಿಯುವ ನಾಯಿಗಳನ್ನೂ ನೋಡಿದ್ದೇನೆ. ಇಂಥವು ಯಾರ ಸೋಫಾದ ಮೇಲೂ ಬೆಳೆದವಲ್ಲ. ಮರಿಯ ಬೆಲೆ ಚೆನ್ನಾಗಿದ್ದಾಗ ಗರ್ಭಕೋಶದ ಶಸ್ತ್ರಚಿಕಿತ್ಸೆಯ ಖರ್ಚನ್ನು ಒಂದೋ ಎರಡೋ ಮರಿಯ ಹಣದಲ್ಲಿ ಭರಿಸಬಹುದಿತ್ತು, ಬೆಲೆ ಬಿದ್ದ ಮೇಲೆ ಅದಕ್ಕಿಂತ ನಾಯಿಯನ್ನೇ ಬಿಟ್ಟುಬಿಡುವುದು ಅಗ್ಗವಾಗಿ ಕಂಡಿತು. ನನ್ನ ಬಳಿ ಅಂಕಿಸಂಖ್ಯೆಯಿಲ್ಲ, ಬರೆಯುತ್ತಿರುವುದು ಕಣ್ಣಿನ ಸಾಕ್ಷಿ ಮಾತ್ರ.

ಹೊಸಕೋಟೆ ಸಾಕಣೆದಾರ

ಡಾಕ್ಟರ್ ಮೇಡಂ ಬರೆದಿರುವುದರಲ್ಲಿ ಸುಳ್ಳಿಲ್ಲ, ಆದರೆ ಮರಿ ಮಾಡಿಸುವವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಬೆಲೆ ಇಳಿದಿರುವುದು ಯಾವ ಮರಿಯದು ಎಂದು ಮೊದಲು ಕೇಳಿಕೊಳ್ಳಿ. ಕೆನಲ್ ಕ್ಲಬ್ ಆಫ್ ಇಂಡಿಯಾದ (ಕೆಸಿಐ) ತಳಿ ಕಾಗದ, ತಾಯಿತಂದೆಯ ಸೊಂಟದ ಎಕ್ಸರೇ, ಎರಡು ಸುತ್ತಿನ ಲಸಿಕೆ, ಜಂತುಹುಳುವಿನ ಔಷಧ, ಗುರುತಿಗಾಗಿ ಚರ್ಮದಡಿ ಹಾಕುವ ಮೈಕ್ರೋಚಿಪ್ ಇವೆಲ್ಲ ಇರುವ ಮರಿಯ ಬೆಲೆ ಅಷ್ಟೇನೂ ಇಳಿದಿಲ್ಲ, ಏಕೆಂದರೆ ಅದರ ಖರ್ಚು ಇಳಿದಿಲ್ಲ. ಇಳಿದಿರುವುದು ಕಾಗದವಿಲ್ಲದ, ಐದನೆಯ ವಾರದಲ್ಲೇ ತಾಯಿಯಿಂದ ಕಿತ್ತು ರಟ್ಟಿನ ಪೆಟ್ಟಿಗೆಯಲ್ಲಿ ಬಸ್ಸಿಗೆ ಹಾಕಿ ಕಳಿಸುವ ಮರಿಗಳ ಬೆಲೆ. ಅವುಗಳಲ್ಲಿ ಎಷ್ಟೋ ಮರಿಗಳು ಪಾರ್ವೊ ರೋಗದಿಂದ ವಾರದೊಳಗೆ ಸಾಯುತ್ತವೆ, ಆಗ ಮಾರಿದವನ ಫೋನು ಸ್ವಿಚ್ ಆಫ್ ಆಗಿರುತ್ತದೆ.

2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ಸಾಕಣೆದಾರನು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು, ಒಂದು ಹೆಣ್ಣು ನಾಯಿಯಿಂದ ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ತೆಗೆಯಬಾರದು, ಎಂಟು ವರ್ಷ ದಾಟಿದ ಮೇಲೆ ಮರಿ ಹಾಕಿಸಬಾರದು, ದಾಖಲೆ ಇಡಬೇಕು. ನೋಂದಣಿ ಮಾಡಿಸಿದವನ ಮನೆಗೆ ತಪಾಸಣೆ ಬರುತ್ತದೆ. ಮಾಡಿಸದವನ ವಿಳಾಸವೇ ಯಾರಿಗೂ ಗೊತ್ತಿಲ್ಲವಾದ್ದರಿಂದ ಅವನ ಮನೆಗೆ ಯಾರೂ ಹೋಗುವುದಿಲ್ಲ. ನಿಯಮ ಪಾಲಿಸುವವನು ತನ್ನ ಮೇಲೆ ತಾನೇ ಖರ್ಚು ಹೇರಿಕೊಂಡಂತಾಗಿದೆ. ಕೊಳ್ಳುವವರೂ ತಾಯಿ ನಾಯಿಯನ್ನು ತೋರಿಸಿ ಎಂದು ಕೇಳುವುದಿಲ್ಲ, ಎಷ್ಟಕ್ಕೆ ಕೊಡುತ್ತೀರಿ ಎಂದಷ್ಟೇ ಕೇಳುತ್ತಾರೆ.

ರಾಜಾಜಿನಗರ 3

ಹಾಗಾದರೆ ತಾವೇ ಒಪ್ಪಿದಂತಾಯಿತಲ್ಲ ಸರ್, ಅಗ್ಗದ ಮರಿಯೇ ತೊಂದರೆಯ ಮೂಲ.

ಹೊಸಕೋಟೆ ಸಾಕಣೆದಾರ

ಅಗ್ಗವಾದುದಕ್ಕೆ ತೊಂದರೆಯಾಗಿಲ್ಲ ಸ್ವಾಮಿ. ಲೆಕ್ಕಕ್ಕೆ ಸಿಗದ ಮರಿಯಾದುದಕ್ಕೆ ತೊಂದರೆಯೂ ಆಯಿತು, ಅಗ್ಗವೂ ಆಯಿತು. ಊರಿನಲ್ಲಿ ಪಕ್ಕದ ಮನೆಯವರು ಪುಕ್ಕಟೆಯಾಗಿ ಕೊಟ್ಟ ಮರಿಯನ್ನು ಕೊನೆಯುಸಿರಿನವರೆಗೆ ಸಾಕಿದವರನ್ನು ನೀವೂ ನೋಡಿರುತ್ತೀರಿ.

ಬಾಡಿಗೆ ಮನೆಯವಳು

ಮಾರಾಟಗಾರರ ಮಾತು ಸಾಕಷ್ಟಾಯಿತು. ಮಾಲೀಕರ ಕಡೆಯ ಒಂದು ಕಾರಣವನ್ನು ಯಾರೂ ಎತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 2020ರಲ್ಲಿ ಊರಿಗೆ ಮರಳಿದ್ದವರು ಹಾಸನದಲ್ಲೋ ಶಿವಮೊಗ್ಗದಲ್ಲೋ ಅಂಗಳವಿರುವ ಅಪ್ಪಅಮ್ಮನ ಮನೆಯಲ್ಲಿ ಮರಿ ಸಾಕಿದರು. ಕಚೇರಿ ಕರೆದ ಮೇಲೆ ನಾಯಿಯ ಸಮೇತ ಬೆಂಗಳೂರಿಗೆ ಬಂದು ಮನೆ ಹುಡುಕಿದರೆ, ಸಸ್ಯಾಹಾರಿಗಳಾ, ಮದುವೆಯಾಗಿದೆಯಾ ಎಂಬ ಪ್ರಶ್ನೆಗಳನ್ನೆಲ್ಲ ದಾಟಿದ ಮೇಲೂ ನಾಯಿ ಇದೆ ಎಂದ ಕೂಡಲೇ ಬಾಗಿಲು ಮುಚ್ಚುತ್ತದೆ. ಅದೇ ವರ್ಷಗಳಲ್ಲಿ ಬಾಡಿಗೆಯೂ ಮುಂಗಡವೂ ಹೇಗೆ ಏರಿದವು ಎಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ನಿವಾಸಿಗಳ ಸಂಘಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಆದರೆ ಫ್ಲಾಟಿನ ಸ್ವಂತ ಮಾಲೀಕನಿಗೆ ಅದರಿಂದ ಆಗುವ ಉಪಯೋಗ ಬಾಡಿಗೆದಾರನಿಗೆ ಆಗುವುದಿಲ್ಲ. ಮನೆ ಕೊಡುವುದಿಲ್ಲ ಎನ್ನಲು ಮನೆಯೊಡೆಯ ಕಾರಣ ಹೇಳಬೇಕಾಗಿಯೇ ಇಲ್ಲವಲ್ಲ. ಇದು ನಾಯಿಯನ್ನು ಬೀದಿಗೆ ಬಿಟ್ಟವರ ಸಮರ್ಥನೆಯಲ್ಲ. ಬಿಡದೆ ಉಳಿಸಿಕೊಂಡವರು ಎಷ್ಟು ಮನೆಗಳ ಮೆಟ್ಟಿಲು ಹತ್ತಿ ಇಳಿದಿದ್ದಾರೆ ಎಂಬುದೂ ಲೆಕ್ಕಕ್ಕೆ ಬರಲಿ ಎಂದಷ್ಟೇ.

ಲೀಡ್ಸ್ ಕನ್ನಡತಿ

ನಾನಿರುವ ಇಂಗ್ಲೆಂಡಿನಲ್ಲಿ ಕಾನೂನು ಬಿಗಿಯಾಗಿದೆ ಎಂದು ನೀವೆಲ್ಲ ಭಾವಿಸಿರಬಹುದು, ಆದ್ದರಿಂದ ಇಲ್ಲಿ ನಡೆದದ್ದನ್ನು ತಿಳಿಸುತ್ತೇನೆ. 2016ರ ಏಪ್ರಿಲಿನಿಂದ ಪ್ರತಿ ನಾಯಿಗೂ ಮೈಕ್ರೋಚಿಪ್ ಕಡ್ಡಾಯ. 2020ರ ಏಪ್ರಿಲ್ 6ರಿಂದ, ಅಂದರೆ ಮೊದಲ ಲಾಕ್‌ಡೌನ್ ಆರಂಭವಾದ ಎರಡು ವಾರಕ್ಕೆ, ಆರು ತಿಂಗಳೊಳಗಿನ ಮರಿಗಳನ್ನು ಮಧ್ಯವರ್ತಿಗಳು ಮಾರುವಂತಿಲ್ಲ ಎಂಬ ಲೂಸಿ ಕಾನೂನು ಜಾರಿಗೆ ಬಂದಿತು. ಮಾರಾಟಕ್ಕೆಂದು ಮರಿ ಹಾಕಿಸುವ ಕೇಂದ್ರವೊಂದರಿಂದ ರಕ್ಷಿಸಿದ ಸ್ಪ್ಯಾನಿಯಲ್ ಹೆಣ್ಣು ನಾಯಿಯ ಹೆಸರು ಲೂಸಿ. ಮೈಸೂರಿನ ಡಾಕ್ಟರ್ ಮೇಡಂ ಬರೆದ ಎರಡನೆಯ ಬಗೆಯ ನಾಯಿಯೇ ಅದು.

ಇಷ್ಟಿದ್ದೂ 2019ರಲ್ಲಿ 900 ಪೌಂಡಿನ ಆಸುಪಾಸಿನಲ್ಲಿದ್ದ ಮರಿಯ ಸರಾಸರಿ ಜಾಹೀರಾತು ಬೆಲೆ 2020ರಲ್ಲಿ ದುಪ್ಪಟ್ಟಾಯಿತು. ಸಾಂಕ್ರಾಮಿಕದ ಮೊದಲ ವರ್ಷದಲ್ಲಿ 32 ಲಕ್ಷ ಕುಟುಂಬಗಳು ಒಂದಲ್ಲ ಒಂದು ಸಾಕುಪ್ರಾಣಿ ತಂದವು ಎಂದು ಇಲ್ಲಿನ ಸಾಕುಪ್ರಾಣಿ ಆಹಾರ ತಯಾರಕರ ಸಂಘ ಅಂದಾಜಿಸಿತು. ಆ ಕಾಲದಲ್ಲಿ ಮರಿ ಕೊಂಡವರ ಬಗ್ಗೆ ರಾಯಲ್ ವೆಟರಿನರಿ ಕಾಲೇಜು ಮಾಡಿದ ಅಧ್ಯಯನದಲ್ಲಿ, ಅವರಲ್ಲಿ ಮೊದಲ ಸಲ ನಾಯಿ ಸಾಕುವವರ ಪಾಲು ಹೆಚ್ಚು, ಮರಿಯನ್ನು ತಾಯಿಯ ಜೊತೆ ಕಣ್ಣಾರೆ ನೋಡಿ ಕೊಂಡವರ ಪಾಲು ಕಡಿಮೆ ಎಂದು ಕಂಡುಬಂದಿತು. ಮನೆಗೆ ಹೋಗುವಂತಿರಲಿಲ್ಲವಲ್ಲ, ವಿಡಿಯೋದಲ್ಲಿ ತೋರಿಸಿ ಕಾರಿನ ಬಳಿ ತಂದುಕೊಟ್ಟರೆ ಯಾರೂ ಅನುಮಾನಿಸುತ್ತಿರಲಿಲ್ಲ. ಮುಂದೆ 2022ರ ಅಕ್ಟೋಬರಿನಲ್ಲಿ ಹಣದುಬ್ಬರ ಶೇಕಡ 11 ದಾಟಿತು, ವಿದ್ಯುತ್ ಬಿಲ್ಲೋ ನಾಯಿಯ ಚಿಕಿತ್ಸೆಯೋ ಎಂದು ಆರಿಸಿಕೊಳ್ಳಬೇಕಾದ ಮನೆಗಳು ಆಶ್ರಯಧಾಮಗಳಿಗೆ ಫೋನು ಮಾಡತೊಡಗಿದವು. ಅಲ್ಲಿಗೂ ಇಲ್ಲಿಗೂ ಇರುವ ಅಂತರ ಇಷ್ಟೇ: ಇಲ್ಲಿ ನಾಯಿಯನ್ನು ಒಪ್ಪಿಸಲು ಸರದಿ ಪಟ್ಟಿಯಿದೆ, ಹಾಗಾಗಿ ಮಾಲೀಕ ಯಾರು ಎಂಬುದು ದಾಖಲಾಗುತ್ತದೆ. ನಾಯಿ ಸಾಕುವ ಹುಚ್ಚನ್ನು ಕಾನೂನು ತಡೆಯಲಿಲ್ಲ.

ಮುಧೋಳ ತಾಲೂಕಿನವ

ಬೆಂಗಳೂರಿನ ಹಸ್ಕಿಗಳ ಜೊತೆಗೆ ನಮ್ಮ ಭಾಗದ ನಾಯಿಯ ವಿಷಯವನ್ನೂ ಸೇರಿಸಿಕೊಳ್ಳಿರಿ. 2020ರ ಆಗಸ್ಟ್ 30ರಂದು ಪ್ರಧಾನಮಂತ್ರಿಗಳು ಮನ್ ಕೀ ಬಾತ್‌ನಲ್ಲಿ ದೇಶಿ ತಳಿಗಳನ್ನು ಸಾಕಿರಿ ಎಂದು ಹೇಳುತ್ತ ಮುಧೋಳ ನಾಯಿಯ ಹೆಸರು ತೆಗೆದುಕೊಂಡರು. ಸೈನ್ಯಕ್ಕೆ ಸೇರಿದ ನಾಯಿ, ಅಂಚೆಚೀಟಿಯ ಮೇಲೆ ಬಂದ ನಾಯಿ ಎಂಬ ಹೆಮ್ಮೆ ನಮಗೆ ಮೊದಲೇ ಇತ್ತು, ಆ ಮಾತಿನ ನಂತರ ಬೆಂಗಳೂರು, ಪುಣೆ, ಹೈದರಾಬಾದ್‌ಗಳಿಂದ ಕೇಳುವವರು ಹೆಚ್ಚಿದರು. ಇಲ್ಲಿ ಈ ನಾಯಿಯನ್ನು ನಂಬಿ ಬದುಕುವ ಬಡ ಕುಟುಂಬಗಳು ಎಷ್ಟೋ ಇವೆ, ಅವರಿಗೆ ನಾಲ್ಕು ಕಾಸು ಸಿಕ್ಕಿದ್ದಕ್ಕೆ ನನಗೆ ಸಂತೋಷವೇ. ಆದರೆ ಇದು ಬೇಟೆಗೆಂದು ಬೆಳೆಸಿದ ತಳಿ, ಹೊಲದಲ್ಲಿ ಮೊಲದ ಹಿಂದೆ ಓಡಬೇಕಾದ ನಾಯಿ. ಏಳನೆಯ ಮಹಡಿಯಲ್ಲಿ ಕಟ್ಟಿದರೆ ಅದು ಮನೆಯನ್ನೂ ಹಾಳು ಮಾಡುತ್ತದೆ, ತಾನೂ ಹಾಳಾಗುತ್ತದೆ. ಊಟ ಹಾಕಿದಷ್ಟೂ ಬಡಕಲಾಗಿದೆ, ರೋಗವಿರಬೇಕು, ವಾಪಸ್ ತೆಗೆದುಕೊಳ್ಳಿ ಎಂದು ಫೋನು ಮಾಡಿದವರೂ ಉಂಟು. ಮುಧೋಳ ನಾಯಿಯ ಪಕ್ಕೆಲುಬು ಕಾಣುವುದೇ ಅದರ ಲಕ್ಷಣ ಎಂದು ಅವರಿಗೆ ಮೊದಲು ಯಾರೂ ಹೇಳಿರಲಿಲ್ಲ. ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಕೊಳ್ಳುವ ಮೊದಲು ಅಲ್ಲಿಗೆ ಒಮ್ಮೆ ಬಂದು ಈ ನಾಯಿ ಓಡುವುದನ್ನು ನೋಡಿದರೆ ಅರ್ಧ ಜನ ಮನಸ್ಸು ಬದಲಾಯಿಸುತ್ತಾರೆ, ಅದರಿಂದ ನಮ್ಮ ವ್ಯಾಪಾರಕ್ಕೆ ನಷ್ಟವಾದರೂ ಅಡ್ಡಿಯಿಲ್ಲ.

ವಕೀಲ, ಧಾರವಾಡ

ಕಾನೂನಿನ ಸ್ಥಿತಿಯನ್ನು ಸಂಕ್ಷೇಪವಾಗಿ ತಿಳಿಸುತ್ತೇನೆ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಅಪರಾಧಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಓದುಗರು ಸೊನ್ನೆ ಬಿಟ್ಟುಹೋಗಿದೆ ಎಂದು ತಿಳಿಯಬಾರದು. ಮೂರು ವರ್ಷದೊಳಗೆ ಅದೇ ಅಪರಾಧ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಮೈಕ್ರೋಚಿಪ್ ಇಲ್ಲದ ನಾಯಿ ಇಂಥವರದು ಎಂದು ಸಾಬೀತುಪಡಿಸುವುದೇ ಕಷ್ಟವಾಗಿರುವಾಗ ಎರಡನೆಯ ಸಲದ ಮಾತು ದೂರ ಉಳಿಯಿತು.

2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರವು ಅಪಾಯಕಾರಿ ಎನ್ನಲಾದ 23 ತಳಿಗಳ ಮಾರಾಟ ಮತ್ತು ಸಾಕಣೆಯ ವಿರುದ್ಧ ರಾಜ್ಯಗಳಿಗೆ ಪತ್ರ ಬರೆಯಿತು. ರಾಟ್‌ವೈಲರ್ ಸಾಕಿದ್ದ ಕಕ್ಷಿದಾರರೊಬ್ಬರು ಮರುದಿನವೇ ನನ್ನನ್ನು ಕೇಳಿದ್ದು, ನಾಯಿಯನ್ನು ಈಗ ಎಲ್ಲಿಗೆ ಬಿಡಲಿ ಎಂದು. ಕರ್ನಾಟಕ ಹೈಕೋರ್ಟು ಏಪ್ರಿಲಿನಲ್ಲಿ ಆ ಸುತ್ತೋಲೆಯನ್ನು ರದ್ದುಗೊಳಿಸಿತು, ಆದರೆ ಸುತ್ತೋಲೆಯ ಸುದ್ದಿ ಹರಡಿದಷ್ಟು ವೇಗವಾಗಿ ರದ್ದತಿಯ ಸುದ್ದಿ ಹರಡಲಿಲ್ಲ. ಇಂಥ ಆದೇಶ ಹೊರಡಿಸುವವರು, ಈಗಾಗಲೇ ಮನೆಗಳಲ್ಲಿರುವ ನಾಯಿಗಳ ಗತಿಯೇನು ಎಂಬುದನ್ನು ಮೊದಲ ಸಾಲಿನಲ್ಲಿಯೇ ಬರೆಯಬೇಕು.

ಜಯನಗರದ ನಿವಾಸಿ (ಚರ್ಚೆ ಆರಂಭಿಸಿದವರು)

ಬಾಡಿಗೆ ಮನೆಯ ವಿಷಯ ನನ್ನ ಲೆಕ್ಕದಲ್ಲಿ ಇರಲಿಲ್ಲ, ಅದು ಸೇರಬೇಕಾದುದೇ. ಉಳಿದಂತೆ ನನ್ನ ಮೊದಲಿನ ಅಭಿಪ್ರಾಯ ಗಟ್ಟಿಯಾಗಿದೆ. ಮಾಲೀಕರಿಗೆ ಬುದ್ಧಿ ಹೇಳುವ ಫಲಕಗಳಿಗಿಂತ, ಮರಿ ಮಾರಾಟದ ಹಂತದಲ್ಲಿಯೇ ಚಿಪ್ ಹಾಕಿ ಸಾಕಣೆದಾರನ ನೋಂದಣಿ ಸಂಖ್ಯೆಯನ್ನು ಅದಕ್ಕೆ ಜೋಡಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಜಾಹೀರಾತು ಪ್ರಕಟಿಸುವ ಜಾಲತಾಣಗಳು ನೋಂದಣಿ ಸಂಖ್ಯೆಯಿಲ್ಲದ ಜಾಹೀರಾತನ್ನು ತೆಗೆದುಕೊಳ್ಳದಂತೆ ಮಾಡಿದರೆ ಹೊಸ ಕಾಯ್ದೆಯ ಅಗತ್ಯವೂ ಅಷ್ಟಾಗಿ ಬೀಳದು. 2018ರಲ್ಲಿ ಬಿಬಿಎಂಪಿ ಫ್ಲಾಟಿಗೆ ಒಂದೇ ನಾಯಿ ಎಂಬ ನಿಯಮ ತಂದು, ವಿರೋಧ ಬಂದೊಡನೆ ಹಿಂದೆಗೆದುಕೊಂಡದ್ದನ್ನು ನೆನೆಯಿರಿ. ಅದು ಸಾಕುವವನ ಬಾಗಿಲಿಗೆ ಹೋದ ನಿಯಮ, ಮಾರುವವನ ಬಾಗಿಲನ್ನು ಮುಟ್ಟಲೇ ಇಲ್ಲ. 2023ರ ಗಣತಿಯಲ್ಲಿ ನಗರದ ಬೀದಿನಾಯಿಗಳು ಸುಮಾರು 2.79 ಲಕ್ಷ, 2019ಕ್ಕಿಂತ ಕಡಿಮೆ. ಸಂತಾನಹರಣ ಚಿಕಿತ್ಸೆಗೆ ಇಷ್ಟು ವರ್ಷ ಸುರಿದ ಹಣ ಫಲ ಕೊಡುತ್ತಿರುವಾಗ, ಚಿಕಿತ್ಸೆಯಾಗದ ಜಾತಿ ನಾಯಿಗಳನ್ನು ಅದೇ ಬೀದಿಗೆ ಸೇರಿಸುತ್ತಿರುವುದು ಎಂಥ ವಿವೇಕ?

ಕೆಂಗೇರಿ ಉಪನಗರ

ಚರ್ಚೆಗೆ ಸ್ವಲ್ಪ ಅಡ್ಡ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮ ಬಡಾವಣೆಯ ಉದ್ಯಾನದ ಬಳಿ ನಿನ್ನೆ ಸಂಜೆಯಿಂದ ಹೆಣ್ಣು ಹಸ್ಕಿಯೊಂದು ನಿಂತಿದೆ, ಕೊರಳಲ್ಲಿ ಪಟ್ಟಿಯ ಗುರುತಿದೆ, ಪಟ್ಟಿಯಿಲ್ಲ. ಬೀದಿನಾಯಿಗಳು ಅಟ್ಟುತ್ತಿವೆ. ಮನೆಯಲ್ಲಿ ನಮ್ಮದೇ ಒಂದು ನಾಯಿಯಿದೆ. ಏನು ಮಾಡಬೇಕು ಡಾಕ್ಟರ್ ಮೇಡಂ?

ಪಶುವೈದ್ಯೆ, ಮೈಸೂರು

ಮೊದಲು ನೀರು, ಆಮೇಲೆ ಸ್ವಲ್ಪ ಅನ್ನ. ಹಸಿದ ನಾಯಿಗೆ ಒಮ್ಮೆಗೇ ಹೊಟ್ಟೆ ತುಂಬ ಹಾಕಬೇಡಿ. ಕೈ ಮುಂದೆ ಚಾಚದೆ ಹಗ್ಗದ ಕುಣಿಕೆಯಿಂದ ನಿಧಾನವಾಗಿ ಹಿಡಿದು ನೆರಳಿರುವ, ಗಾಳಿಯಾಡುವ ಕಡೆ ಕಟ್ಟಿ, ನಿಮ್ಮ ನಾಯಿಯಿಂದ ಎರಡು ವಾರವಾದರೂ ಬೇರೆಯಾಗಿಡಿ, ಡಿಸ್ಟೆಂಪರ್ ಎಂಬ ಅಂಟುರೋಗ ಇದ್ದರೆ ಅಷ್ಟರಲ್ಲಿ ಸಾಮಾನ್ಯವಾಗಿ ತಿಳಿಯುತ್ತದೆ. ಯಾರನ್ನಾದರೂ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ರೇಬೀಸ್ ಲಸಿಕೆ ಹಾಕಿಸಿಕೊಳ್ಳಬೇಕು. ಚಿಪ್ ಓದುವ ಯಂತ್ರವಿರುವ ಚಿಕಿತ್ಸಾಲಯಕ್ಕೆ ಒಯ್ದು ಭುಜಗಳ ನಡುವೆ ಮಾತ್ರವಲ್ಲದೆ ಕತ್ತಿನ ಎರಡೂ ಬದಿ ನೋಡಲು ಹೇಳಿ, ಚಿಪ್ ಕೆಲವೊಮ್ಮೆ ಜಾರಿರುತ್ತದೆ. ಸುತ್ತಲಿನ ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲು ಪ್ರತಿ ತೆಗೆದುಕೊಂಡು ಠಾಣೆಯಲ್ಲಿ ಲಿಖಿತ ದೂರು ಕೊಡಿ, ದಂಡ ಎಷ್ಟೇ ಚಿಕ್ಕದಾದರೂ ದಾಖಲೆ ಬೇಕು. ಚಿತ್ರ ಹಾಕುವಾಗ ಹೆಣ್ಣು ಎಂಬುದನ್ನು ಬರೆಯಲೇಬೇಡಿ. ಮರಿ ಹಾಕಿಸುವ ಉದ್ದೇಶದಿಂದಲೇ ತಾವೇ ಮಾಲೀಕರೆಂದು ಬಂದು ಕೇಳುವವರಿದ್ದಾರೆ. ಹಳೆಯ ಚಿತ್ರ, ಲಸಿಕೆ ಪುಸ್ತಕ ತೋರಿಸಿದವರಿಗೆ ಮಾತ್ರ ಒಪ್ಪಿಸಿ. ಯಾರೂ ಬರದಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ ನಂತರವೇ ಹೊಸ ಮನೆಗೆ ಕೊಡಬೇಕು. ಬೆದೆಯಲ್ಲಿದ್ದರೆ ಕೆಲವು ವಾರ ಕಾಯಬೇಕಾಗುತ್ತದೆ, ಅಷ್ಟು ದಿನ ಇಟ್ಟುಕೊಳ್ಳಲು ನಿಮಗೆ ಆಗದಿದ್ದರೆ ಇಲ್ಲಿಯೇ ಬರೆಯಿರಿ, ಬೆಂಗಳೂರಿನಲ್ಲಿ ತಾತ್ಕಾಲಿಕವಾಗಿ ಸಾಕುವವರನ್ನು ಕೇಳಿ ನೋಡುತ್ತೇನೆ.